ಜೋಡಿಸಿದ ಕೈಗಳ ಚಿತ್ರ

ಮಾರ್ಚ್ 4, ಮಂಗಳವಾರ

ಈ ನೋಟ್‌ಬುಕ್ ಕೊಟ್ಟಿದ್ದು ನಮ್ಮವರಿಗೆ ಮಾತು ಕಲಿಸುವ ಟೀಚರ್. ಎಡಗಡೆ ಇವರು ಫೋನಿನಲ್ಲಿ ಕಳಿಸುವ ಚಿತ್ರಗಳು, ಬಲಗಡೆ ಅವುಗಳ ಅರ್ಥ, ದಿನಾ ಬರೆದಿಡಿ ಎಂದಿದ್ದಾಳೆ. ಇಪ್ಪತ್ತಾರು ವರ್ಷದವಳು, ಇನ್ನೂ ಮದುವೆಯಾಗಿಲ್ಲ, ನನ್ನ ಗಂಡನ ಅರ್ಥ ಬರೆಯುವುದನ್ನು ನನಗೆ ಹೇಳಿಕೊಡುತ್ತಾಳೆ. ಅವಳಿಗೆ ತೋರಿಸಲು ಬೇರೊಂದು ಪುಸ್ತಕ ಮಾಡುತ್ತೇನೆ. ಇದರಲ್ಲಿ ನನ್ನ ಸಿಟ್ಟು ಬರೆಯುತ್ತೇನೆ. ಎಲ್ಲಾದರೂ ಒಂದು ಕಡೆ ಕಾರಿಕೊಳ್ಳದಿದ್ದರೆ ನನಗೂ ಸ್ಟ್ರೋಕ್ ಹೊಡೆದೀತು.

ಡಿಸೆಂಬರಿನಲ್ಲಿ ಈ ಮನುಷ್ಯನ ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ನಾವು ಹೇಳಿದ್ದೆಲ್ಲ ತಿಳಿಯುತ್ತದೆ. ತಾನು ಹೇಳಲು ಹೋದರೆ ‘ಬಾ ಬಾ ಬಾ’, ಅಷ್ಟೇ. ಅಕ್ಷರ ಬರೆಯಲು ಕೊಟ್ಟರೆ ಪೆನ್ನನ್ನು ಗೋಡೆಗೆ ಎಸೆಯುತ್ತಾರೆ. ಫೋನಿನಲ್ಲಿರುವ ಮುಖ, ಹಣ್ಣು, ಕೈಗಳ ಚಿತ್ರಗಳನ್ನು ಮಾತ್ರ ಎಡ ಹೆಬ್ಬೆರಳಿನಲ್ಲಿ ಒತ್ತಿ ಕಳಿಸುತ್ತಾರೆ. ಎರಡು ಮೂರು ಚಿತ್ರ ಜೋಡಿಸಿದರೆ ಒಂದು ಮಾತು. ಮಾತಂತೆ ಮಾತು!

ಇವತ್ತು ಬೆಳಿಗ್ಗೆ ಬಂದದ್ದು ಸೂರ್ಯ, ಚಹದ ಕಪ್ಪು, ಸಿಟ್ಟಿನ ಕೆಂಪು ಮುಖ. ಚಹ ಬಿಸಿಯಿಲ್ಲವೇನೋ ಎಂದು ಮತ್ತೆ ಕಾಯಿಸಿಕೊಟ್ಟೆ. ಅದೇ ಮೂರು ಚಿತ್ರ. ಸಕ್ಕರೆ ಕಡಿಮೆಯೇನೋ ಎಂದು ಇನ್ನೊಂದು ಚಮಚ ಹಾಕಿದೆ. ಅದೇ ಮೂರು. ಮೂರನೇ ಸಲ ಕಪ್ಪನ್ನೇ ತಳ್ಳಿದರು, ಚಹವೆಲ್ಲ ನನ್ನ ಮೈಮೇಲೆ. ಕೊನೆಗೆ ಗೊತ್ತಾಗಿದ್ದೇನು? ಕಿಟಕಿಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಕಪ್ಪು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಹೋಗಿ ಪರದೆ ಎಳೆದೆ.

“ಬಾಯ್ಬಿಟ್ಟು ಹೇಳ್ಬಾರ್ದಾ?” ಎಂದು ಕೂಗಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೂ ಸಿಟ್ಟು ಇಳಿಯಲಿಲ್ಲ.

ಮಾರ್ಚ್ 7, ಶುಕ್ರವಾರ

ನಮ್ಮ ಮನೆಯವರದ್ದೊಂದು ಗ್ರೂಪ್ ಇದೆ. ನಾವಿಬ್ಬರು, ಹಾಸ್ಟೆಲಿನಲ್ಲಿರುವ ಮಗಳು, ಭಾವ, ಓರಗಿತ್ತಿ. ನಿನ್ನೆಯಿಂದ ಈ ಮನುಷ್ಯ ಅದರಲ್ಲಿ ಪೀಚ್ ಹಣ್ಣು ಮತ್ತು ಬೆಂಕಿ ಹಾಕುತ್ತಲೇ ಇದ್ದರು. “ಪಾಪ, ಹಣ್ಣು ತಿನ್ನೋ ಆಸೆ ಆಗಿದೆ” ಎಂದು ಓರಗಿತ್ತಿ ನಾಲ್ಕು ಹೃದಯ ಒತ್ತಿದಳು. ಆಸೆಯಾದದ್ದು ಇವರಿಗೆ, ಮರುಕ ಅವಳಿಗೆ, ಬಿಸಿಲಲ್ಲಿ ಮೂರು ಅಂಗಡಿ ಅಲೆದವಳು ನಾನು. ಹಣ್ಣಿನ ಕಾಲವಲ್ಲ, ಡಬ್ಬಿಯಲ್ಲಿಟ್ಟದ್ದು ಸಿಕ್ಕಿತು. ಚಮಚ ಬಾಯಿಗೆ ಹಿಡಿದರೆ ಹಲ್ಲು ಕಚ್ಚಿ ಕೂತರು.

ಅಷ್ಟರಲ್ಲಿ ಮಗಳ ಫೋನ್. “ಅಮ್ಮಾ, ಮೊದ್ಲು ಅಪ್ಪನ ಫೋನ್ ಕಿತ್ಕೋ!”

“ಯಾಕೆ? ಹಣ್ಣು ಕೇಳ್ತಿದಾರೆ.”

“ಅದು ಹಣ್ಣಲ್ಲಮ್ಮಾ. ಅದು... ಹಿಂದುಗಡೆ.”

“ಯಾವುದರ ಹಿಂದುಗಡೆ?”

“ಅಯ್ಯೋ, ಮನುಷ್ಯರ ಹಿಂದುಗಡೆ! ಬೆಂಕಿ ಜೊತೆ ಹಾಕಿದ್ರೆ, ಯಾರದ್ದೋ ಭಾರಿ ಚೆನ್ನಾಗಿದೆ ಅಂತ. ದೊಡ್ಡಮ್ಮ ಬೇರೆ ಹಾರ್ಟ್ ಹಾಕಿದಾರೆ, ನಂಗೆ ನೆಲ ಬಿರಿದು ಒಳಗೆ ಹೋಗೋಣ ಅನ್ನಿಸ್ತು.”

ಇಂಟರ್‌ನೆಟ್ಟಿನಿಂದ ಒಂದು ಉದ್ದನೆಯ ಪಟ್ಟಿಯನ್ನೂ ಕಳಿಸಿದಳು, ಯಾವ ಚಿತ್ರದ ಜೊತೆ ಯಾವುದು ಬಂದರೆ ಏನರ್ಥ ಎಂದು. ಬುರುಡೆ ಎಂದರೆ ಸಾವಲ್ಲವಂತೆ, ನಕ್ಕು ನಕ್ಕು ಸತ್ತೆ ಎಂದಂತೆ. ತಲೆಕೆಳಗಾದ ನಗುಮುಖ ಎಂದರೆ ಹೊರಗೆ ನಗು, ಒಳಗೆ ಕುದಿ. ಅದೊಂದು ನನಗೇ ಬೇಕಾಗುತ್ತದೆ, ಗುರುತು ಹಾಕಿಕೊಂಡೆ.

ಪಟ್ಟಿ ಓದಿ, ಈ ವಯಸ್ಸಿನಲ್ಲಿ ಈ ಸ್ಥಿತಿಯಲ್ಲಿ ಇವರಿಗೆ ಇದೆಂಥ ಚಪಲ ಎಂದು ಹಲ್ಲು ಕಡಿಯುತ್ತ ಸ್ನಾನಕ್ಕೆ ಎಬ್ಬಿಸಿದೆ. ಮಗ್ಗುಲು ತಿರುಗಿಸಿದರೆ ಅಂಗೈಯಗಲ ಚರ್ಮ ಕೆಂಪಾಗಿ ಸುಲಿದಿದೆ. ಇಡೀ ದಿನ ಮರದ ಕುರ್ಚಿಯಲ್ಲಿ ಕೂರಿಸಿದ್ದಕ್ಕೆ ಆದ ಹುಣ್ಣು. ಕುಂಡೆ ಉರಿಯುತ್ತಿದೆ ಎಂದು ಎರಡು ದಿನದಿಂದ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದಾರೆ ಈ ಮನುಷ್ಯ. ನಾವು ಒಬ್ಬರು ಹಣ್ಣು ತಿನ್ನಿಸಲು ಹೊರಟೆವು, ಒಬ್ಬರು ಮಾನ ಉಳಿಸಲು. ಮುಲಾಮು ಹಚ್ಚಿ, ಕುರ್ಚಿಗೆ ದಿಂಬು ಹಾಕಿದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಎಲ್ಲರ ಮೇಲೂ.

ಮಾರ್ಚ್ 9, ಭಾನುವಾರ

ಭಾವ ಬಂದಿದ್ದರು. ಇವರಿಗಿಂತ ಆರು ವರ್ಷ ದೊಡ್ಡವರು, ತಮ್ಮನ ಮುಖ ನೋಡಿದರೆ ಕಣ್ಣು ತುಂಬಿಕೊಳ್ಳುತ್ತಾರೆ. ಅದಕ್ಕೇ ಮಾತೆಲ್ಲ ಅಡುಗೆಮನೆಯಲ್ಲಿ ನನ್ನೊಬ್ಬಳ ಜೊತೆ.

“ನೋಡಮ್ಮಾ, ನಮ್ಮೂರಲ್ಲೊಂದು ಆರೈಕೆ ಮನೆ ಇದೆ. ಇಪ್ಪತ್ನಾಲ್ಕಕ್ಕೆ ಒಂದು ಹಾಸಿಗೆ ಖಾಲಿ ಆಗ್ತಿದೆ, ನಾನು ಹೇಳಿಟ್ಟಿದೀನಿ. ನಿನ್ನ ರಜೆ ಎಲ್ಲಿವರೆಗಿದೆ?”

“ಮೂವತ್ತೊಂದಕ್ಕೆ ಹೋಗ್ಲೇಬೇಕು. ಇಲ್ಲಾಂದ್ರೆ ನನ್ನ ಮಿಷಿನ್‌ಗೆ ಬೇರೆಯವ್ರನ್ನ ಕೂರಿಸ್ತಾರೆ.”

“ಮತ್ತಿನ್ನೇನು? ಅವನಿಗೆ ನಾನು ಗ್ರೂಪಲ್ಲೇ ತಿಳಿಸ್ತೀನಿ. ಎದುರಿಗೆ ಹೇಳೋಕೆ ನನ್ನ ಕೈಲಾಗಲ್ಲ.”

ಹದಿನೆಂಟು ವರ್ಷದಿಂದ ಸಮವಸ್ತ್ರದ ಕಾರ್ಖಾನೆಯಲ್ಲಿ ಕಾಜಾ ಹಾಕುತ್ತಿದ್ದೇನೆ. ಗುಂಡಿ ತೂರುವ ತೂತಿನ ಸುತ್ತ ಹೊಲಿಗೆ. ದಿನಕ್ಕೆ ಸಾವಿರದ ಇನ್ನೂರು ಕಾಜಾ. ಆ ಮಿಷಿನ್ನಿನ ಮುಂದೆ ಕೂತಾಗ ಮಾತ್ರ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಅದು ಹೋದರೆ ನನಗೆ ಹುಚ್ಚು ಹಿಡಿಯುತ್ತದೆ. ಹೂಂ ಎಂದೆ.

ಭಾವ ಬಸ್ಸಿನಲ್ಲಿ ಕೂತು ಗ್ರೂಪಿಗೆ ಉದ್ದನೆಯ ಸಂದೇಶ ಬರೆದರು. ಪಕ್ಕದ ಕೋಣೆಯಿಂದ ಇವರ ಉತ್ತರ ತಕ್ಷಣ ಬಂತು. ಜೋಡಿಸಿದ ಕೈ, ಜೋಡಿಸಿದ ಕೈ, ಜೋಡಿಸಿದ ಕೈ. ಮೂರು ಸಲ ಕೈ ಮುಗಿದಿದ್ದಾರೆ. “ಅಣ್ಣನಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೋ” ಎಂದು ಭಾವ ಅಳುವ ಮುಖ ಹಾಕಿದರು. ಓರಗಿತ್ತಿ ಹೃದಯ. ಮಗಳು ಹೃದಯ.

ಸರಿ, ಮುಗಿಯಿತು. ಆದರೆ ಇಷ್ಟು ಸಲೀಸಾಗಿಯಾ? ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳನ್ನು ಬಿಟ್ಟು ಹೋಗು ಎಂದರೆ ಒಂದು ಅಳುವ ಮುಖ ಬೇಡವಾ? ಕೈ ಮುಗಿದು ಹೊರಟುಬಿಡುವುದಾ? ಹೋಗಲಿ. ಹೋದರೆ ನನಗೂ ಪೀಡೆ ಕಳೆಯಿತು.

ಮಾರ್ಚ್ 11, ಮಂಗಳವಾರ

ಕೈ ಮುಗಿಯುವುದು ನಿಂತಿಲ್ಲ. ಬೆಳಿಗ್ಗೆ ಎದ್ದರೆ ಕೈ, ಉಂಡರೆ ಕೈ. “ಸಾಕಪ್ಪಾ, ನನಗೇ ನಾಚಿಕೆ ಆಗುತ್ತೆ” ಎಂದು ಭಾವ ಬರೆದರು. ಇವರು ಫೋನನ್ನು ನೆಲಕ್ಕೆ ಕುಕ್ಕಿದರು. ಗಾಜು ಮೂಲೆಯಲ್ಲಿ ಸೀಳಿದೆ. “ಥ್ಯಾಂಕ್ಸ್ ಹೇಳೋಕೂ ಸಿಟ್ಟಾ ನಿಮಗೆ?” ಎಂದು ಬೈದು ಎತ್ತಿಕೊಟ್ಟೆ.

ಮಾರ್ಚ್ 13, ಗುರುವಾರ

ಆರೈಕೆ ಮನೆಯವರು ಪ್ರತಿ ಬಟ್ಟೆಗೂ ಹೆಸರು ಬರೆದ ಸಣ್ಣ ಪಟ್ಟಿ ಹೊಲಿದು ಕಳಿಸಲು ಹೇಳಿದ್ದಾರೆ. ಬೆಳಗಿನಿಂದ ಕೂತು ಹದಿನಾಲ್ಕು ಅಂಗಿ, ಆರು ಪೈಜಾಮ, ಒಂಬತ್ತು ಬನಿಯನ್ನಿಗೆ ಹೊಲಿದೆ. ನೀರು ಕುಡಿದು ಬರುವಷ್ಟರಲ್ಲಿ ಎಡಗೈಯಿಂದ ಪೆಟ್ಟಿಗೆಯನ್ನೇ ಮಗುಚಿ ಎಲ್ಲವನ್ನೂ ನೆಲಕ್ಕೆ ಚೆಲ್ಲಿದ್ದರು. ಒಂದು ಅಂಗಿಯ ಪಟ್ಟಿಯನ್ನು ಹಲ್ಲಿನಿಂದ ಕಿತ್ತಿದ್ದರು.

ನನ್ನ ತಾಳ್ಮೆಯ ಕಟ್ಟೆಯೊಡೆಯಿತು. “ನೀವೇ ಒಪ್ಕೊಂಡು ಈಗ ನನ್ನ ಜೀವ ತಿಂತೀರಾ? ಹೋಗಿ! ನೀವು ಹೋದ್ರೆ ನಾನು ಬದುಕ್ತೀನಿ!” ಎಂದೆ. ಕೆಳಗಿನ ಮನೆಯವರಿಗೂ ಕೇಳಿಸಿರಬೇಕು.

ಅವರು ನನ್ನನ್ನು ನೋಡಿದರು. ಆಮೇಲೆ ಗೋಡೆ ನೋಡಿದರು. ನಾನು ಬಟ್ಟೆ ಎತ್ತಿಟ್ಟೆ. ಹೇಳಬಾರದಿತ್ತು. ಆದರೆ ಸುಳ್ಳೇನೂ ಹೇಳಲಿಲ್ಲ.

ಮಾರ್ಚ್ 16, ಭಾನುವಾರ

ಮೂರು ದಿನದಿಂದ ಒಂದು ಚಿತ್ರವೂ ಬಂದಿಲ್ಲ. ಮನೆ ತಣ್ಣಗಿದೆ. ಇದೇ ತಾನೇ ನನಗೆ ಬೇಕಾಗಿದ್ದು.

ಮಾರ್ಚ್ 19, ಬುಧವಾರ

ಕೈ ನೋಯುವವರೆಗೆ ಬರೆಯುತ್ತೇನೆ ಇವತ್ತು.

ಮಧ್ಯಾಹ್ನ ‘ಗೂಡು’ ಬಂದಿದ್ದ. ಇವರ ಜೊತೆ ಹದಿನೇಳು ವರ್ಷ ದುಡಿದ ಕ್ರೇನ್ ಡ್ರೈವರ್. ಹತ್ತಂತಸ್ತಿನ ಎತ್ತರದ ಪುಟ್ಟ ಕ್ಯಾಬಿನ್ನಿನಲ್ಲಿ ದಿನವಿಡೀ ಕೂರುವುದಕ್ಕೆ ಎಲ್ಲರೂ ಅವನನ್ನು ಗೂಡು ಎನ್ನುತ್ತಾರೆ. ನಮ್ಮವರ ಕೆಲಸ ಕೆಳಗೆ ನಿಂತು ಅವನಿಗೆ ಕೈಸನ್ನೆ ಮಾಡುವುದು. ಭಾರ ಎತ್ತು, ಇಳಿಸು, ತಿರುಗಿಸು, ನಿಲ್ಲಿಸು. ಮೇಲಿರುವವನಿಗೆ ಕೆಳಗೇನಿದೆಯೆಂದು ಕಾಣುವುದಿಲ್ಲ, ಕೂಗಿದರೂ ಕೇಳಿಸುವುದಿಲ್ಲ. ಕೈಯೇ ಮಾತು. ದೂರದ ಕಟ್ಟಡದ ಕೆಲಸ ಮುಗಿಸಿ ಈಗಷ್ಟೇ ಊರಿಗೆ ಬಂದವನು, ಸ್ನೇಹಿತನನ್ನು ನೋಡಿ ಬಾಗಿಲಲ್ಲೇ ಮೂಗು ಒರೆಸಿಕೊಂಡ.

“ಸೋಮವಾರ ಹೋಗ್ತಿದಾರೆ. ಅವ್ರಿಗೂ ಒಪ್ಪಿಗೆ. ಎಷ್ಟು ಸಲ ಥ್ಯಾಂಕ್ಸ್ ಹೇಳಿದ್ರು ನೋಡು” ಎಂದು ಗ್ರೂಪ್ ತೆರೆದು ಕೊಟ್ಟೆ. ನನ್ನ ಮೇಲೆ ತಪ್ಪಿಲ್ಲವೆಂದು ಅವನ ಬಾಯಿಂದ ಕೇಳಬೇಕಿತ್ತು ನನಗೆ.

ಗೂಡು ಓದಿದ. ಮೇಲಕ್ಕೆ ಹೋಗಿ ಮತ್ತೆ ಓದಿದ. ಮುಖ ಬಿಳಿಚಿಕೊಂಡಿತು.

“ಅತ್ತಿಗೆ, ಥ್ಯಾಂಕ್ಸ್ ಅಂತ ಯಾರು ಹೇಳಿದ್ದು?”

“ಎಲ್ರಿಗೂ ಗೊತ್ತಲ್ಲಪ್ಪ, ಕೈ ಮುಗಿಯೋದು.”

“ಎಲ್ರಿಗೂ ಅಲ್ಲ. ನಮಗಲ್ಲ.” ಎದ್ದು ನಿಂತು ಎರಡೂ ಕೈಗಳನ್ನು ಎದೆಯ ಮುಂದೆ ಬಿಗಿಯಾಗಿ ಸೇರಿಸಿದ. “ಕೆಳಗಿನಿಂದ ಇವನು ಹೀಗೆ ಮಾಡಿದ್ರೆ ಮೇಲೆ ನಾನು ಉಸಿರೂ ಬಿಡಲ್ಲ. ಎಲ್ಲಾ ಇದ್ದಲ್ಲೇ ನಿಲ್ಸು ಅಂತ. ಎತ್ಬೇಡ, ಇಳಿಸ್ಬೇಡ, ತಿರುಗಿಸ್ಬೇಡ. ಲೋಡ್ ಗಾಳಿಲಿ ನೇತಾಡ್ತಿದ್ರೂ ಹಾಗೇ ಹಿಡಿ. ಕೆಳಗೆ ಏನೋ ಸರಿ ಇಲ್ಲ, ನಾನು ಹೇಳೋ ತನಕ ಯಾರೂ ಏನೂ ಮುಟ್ಬೇಡಿ ಅಂತ.”

“ಅಂದ್ರೆ... ಬೇಡ ಅಂತಾನಾ?”

“ಬೇಡ ಅಂತಲ್ಲ. ಬೇಕು ಅಂತಾನೂ ಅಲ್ಲ. ತಾಳಿ ಅಂತ.”

ಕುರ್ಚಿಯಲ್ಲಿ ಇವರು ‘ಬಾ ಬಾ ಬಾ’ ಎಂದು ಎಡಗೈಯಿಂದ ತೊಡೆ ಬಡಿದುಕೊಳ್ಳುತ್ತಿದ್ದರು. ಕಣ್ಣಲ್ಲಿ ಧಾರಾಕಾರ ನೀರು. ಗೂಡು ಹೋಗಿ ಅವರ ತಲೆಯನ್ನು ಹೊಟ್ಟೆಗೊತ್ತಿ ಹಿಡಿದುಕೊಂಡ. “ಈ ಸನ್ನೆಗೆ ಎರಡು ಕೈ ಬೇಕು ಅತ್ತಿಗೆ. ಇವನಿಗೆ ಈಗ ಎರಡು ಕೈ ಇರೋದು ಫೋನಲ್ಲಿ ಮಾತ್ರ” ಎಂದ.

ಅವನು ಹೋದ ಮೇಲೆ ಎಣಿಸಿದೆ. ಒಂಬತ್ತನೇ ತಾರೀಖಿನಿಂದ ಹದಿಮೂರರವರೆಗೆ ನಲವತ್ತೊಂದು ಸಲ ನಿಲ್ಲಿಸಿ ಎಂದಿದ್ದಾರೆ. ನಲವತ್ತೊಂದು ಸಲ ನಾವು ಪರವಾಗಿಲ್ಲ ಬಿಡಪ್ಪಾ ಎಂದಿದ್ದೇವೆ.

ಥೂ, ನನ್ನ ಜನ್ಮಕ್ಕಿಷ್ಟು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ, ನೀವು ಅಲ್ಲಿ ಕೈಯಲ್ಲಿ ಏನು ಹೇಳ್ತೀರಿ ಎಂದು ಕೇಳಲಿಲ್ಲ. ಸಂಜೆ ಬಂದರೆ ಕೈ ತೊಳ್ಕೊಳ್ಳಿ ಎಂದಷ್ಟೇ ಹೇಳಿದವಳು. ಹೋಗಲಿ, ಸನ್ನೆ ಗೊತ್ತಿರಲಿಲ್ಲ. ಎದುರಿಗೆ ಕೂತು, ಹೋಗ್ತೀರಾ, ಇರ್ತೀರಾ ಎಂದು ಕೇಳಲು ಏನಾಗಿತ್ತು? ತಲೆಯಾಡಿಸಲು ಬರುತ್ತದೆ ಅವರಿಗೆ. ಕೇಳಿದರೆ ಬೇಡ ಎಂದುಬಿಟ್ಟಾರು ಎಂದು ಕೇಳಲಿಲ್ಲ. ಅರ್ಥವಾಗಲಿಲ್ಲ ಎನ್ನುವುದು ನೆಪ. ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ.

ಮಾರ್ಚ್ 20, ಗುರುವಾರ

ಭಾವನಿಗೆ ಫೋನ್ ಮಾಡಿದೆ. ಸೋಮವಾರ ಬೇಡ, ಸ್ವಲ್ಪ ತಾಳಿ ಎಂದೆ.

“ಏನಮ್ಮಾ ಇದು, ಒಂದು ಚಿತ್ರ ನೋಡ್ಕೊಂಡು ತೀರ್ಮಾನ ಬದಲಾಯಿಸ್ತೀಯಾ?”

“ಒಂದು ಚಿತ್ರ ನೋಡ್ಕೊಂಡೇ ಭಾವಾ ನಾವು ತೀರ್ಮಾನ ಮಾಡಿದ್ದು.”

“ಹಾಸಿಗೆ ಬೇರೆಯವ್ರಿಗೆ ಹೋಗುತ್ತೆ.”

“ಹೋಗ್ಲಿ.”

“ನೀನು ಕೆಲಸ ಕಳ್ಕೊಂಡು ಆಮೇಲೆ ನನ್ನ ಹತ್ರ ಅಳ್ಬೇಡ.”

“ಅಳೋದಿದ್ರೆ ನನ್ನ ಗಂಡನ ಹತ್ರ ಅಳ್ತೀನಿ ಬಿಡಿ. ಅವ್ರಿಗೆ ಕಿವಿ ಚೆನ್ನಾಗಿ ಕೇಳುತ್ತೆ.”

ಭಾವನಿಗೆ ಎದುರುತ್ತರ ಕೊಟ್ಟದ್ದು ಇದೇ ಮೊದಲು. ಗ್ರೂಪಿನಲ್ಲಿ ಓರಗಿತ್ತಿ ತಲೆಕೆಳಗಾದ ನಗುಮುಖ ಹಾಕಿದ್ದಾಳೆ. ಹಾಕಲಿ, ಪಟ್ಟಿ ನನ್ನ ಹತ್ತಿರವೂ ಇದೆ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಸ್ಟೂಲ್ ಎಳೆದುಕೊಂಡು ಅವರ ಮುಂದೆ ಕೂತೆ. “ಎಲ್ಲಾ ನಿಲ್ಸಿದೀನಿ. ಈಗ ಹೇಳಿ, ಕೆಳಗೆ ಏನು ಸರಿ ಇಲ್ಲ?”

ತುಂಬ ಹೊತ್ತು ಹುಡುಕಿದರು. ಕಣ್ಣು, ಮನೆ, ಹೆಂಗಸು, ಪ್ರಶ್ನೆ ಗುರುತು. ನಾನು ಊಹೆ ಮಾಡಲಿಲ್ಲ. ಒಂದೊಂದರ ಮೇಲೂ ಬೆರಳಿಟ್ಟು ಕೇಳಿದೆ. ಈ ಹೆಂಗಸು ನಾನಾ? ಹೌದು. ಇದು ನಮ್ಮ ಮನೆಯಾ? ಅಲ್ಲ. ಆರೈಕೆ ಮನೆಯಾ? ಹೌದು. ಕಣ್ಣು ನೋಯ್ತಾ? ಅಲ್ಲ, ಅಲ್ಲ, ಕೆಂಪು ಮುಖ. ನೋಡೋದಾ? ಹೌದು.

ಆ ಜಾಗ ನೀನು ನೋಡಿದ್ದೀಯಾ ಎಂದು ಕೇಳುತ್ತಿದ್ದಾರೆ.

ನೋಡಿರಲಿಲ್ಲ. ಭಾವ ಕಳಿಸಿದ ನಾಲ್ಕು ಫೋಟೋ ಮಾತ್ರ. ಸಂಜೆ ಗೂಡಿಗೆ ಹೇಳಿದರೆ ಅವನು ನಕ್ಕ. “ಅವನ ನಿಯಮ ಅದು ಅತ್ತಿಗೆ. ಭಾರ ಇಳಿಸೋ ಜಾಗನ ತಾನೇ ಹೋಗಿ ತುಳಿದು ನೋಡದೆ ನನಗೆ ಇಳಿಸು ಅಂದಿದ್ದೇ ಇಲ್ಲ. ಮಳೆ ಇರ್ಲಿ, ಸಾಹೇಬ್ರು ಬೈಲಿ.” ಅಷ್ಟೇನಾ? ಇಷ್ಟಕ್ಕೇ ನಾಲ್ಕು ಜನ ಸೇರಿ ಇವರ ತಲೆ ತಿಂದೆವಲ್ಲ! ನಾಳೆ ಗೂಡಿನ ಗಾಡಿಯಲ್ಲಿ ಮೂವರೂ ಹೋಗುತ್ತಿದ್ದೇವೆ.

ಮಾರ್ಚ್ 23, ಭಾನುವಾರ

ಜಾಗ ಚೆನ್ನಾಗಿಯೇ ಇದೆ, ಹಾಸಿಗೆಯೂ ಇನ್ನೂ ಯಾರಿಗೂ ಹೋಗಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಕೊಳಕಾಗಿರಲಿ, ಕೆಟ್ಟ ವಾಸನೆ ಇರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಹೋಗಿದ್ದೆ ಅನ್ನಿಸುತ್ತದೆ. ಬೆಳಕಿದೆ, ನೆಲ ಒರೆಸಿದ್ದಾರೆ, ಅಂಗಳದಲ್ಲಿ ಕಬ್ಬಿಣದ ಸಲಾಕೆ ಹಿಡಿದು ನಡೆಯುವುದನ್ನು ದಿನಕ್ಕೆರಡು ಸಲ ಕಲಿಸುತ್ತಾರೆ. ನಮ್ಮ ಮನೆಯ ಎರಡನೇ ಅಂತಸ್ತಿನಲ್ಲಿ ಅದೆಲ್ಲಿ ಸಾಧ್ಯ.

ಮ್ಯಾನೇಜರಮ್ಮ ನನ್ನನ್ನೇ ಕೇಳುತ್ತಿದ್ದಳು. “ಇವ್ರಿಗೆ ಬೆಳಿಗ್ಗೆ ಏನು ಕೊಡ್ಬೇಕು? ಇವ್ರಿಗೆ ಟಿವಿ ಇಷ್ಟನಾ?”

“ಅವ್ರು ಇಲ್ಲೇ ಕೂತಿದಾರಲ್ಲಾ, ಅವ್ರನ್ನೇ ಕೇಳಿ.”

ಅವಳು ಬಗ್ಗಿ, ಮಗುವಿಗೆ ಹೇಳುವ ಹಾಗೆ ಜೋರಾಗಿ, “ಏನಿಷ್ಟಾ ಅಪ್ಪಾಜೀ?” ಎಂದಳು. “ಕಿವುಡಲ್ಲಮ್ಮಾ ಅವ್ರು” ಎಂದೆ. ಗೂಡು ನನ್ನ ತೋಳು ಜಗ್ಗಿದ.

ಇವರು ಮಾತ್ರ ಕೆಲಸಕ್ಕೆ ಬಂದವರಂತೆ ಎಲ್ಲವನ್ನೂ ಪರೀಕ್ಷಿಸಿದರು. ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುತ್ತದೆಯೇ ನೋಡಿದರು. ಮಂಚವನ್ನು ಎಡಗೈಯಲ್ಲಿ ಅಲ್ಲಾಡಿಸಿದರು. ಕಕ್ಕಸಿನ ಗೋಡೆಯ ಹಿಡಿಕೆ ಬಲಗಡೆ ಇತ್ತು, ಅವರ ಸತ್ತ ಕೈಯ ಕಡೆ. ಅಲ್ಲಿ ನಿಂತುಬಿಟ್ಟರು. ಕಕ್ಕಸು, ಎಡಕ್ಕೆ ಬಾಣ, ಕೈ. ನಾನು ಓದುವ ಮೊದಲೇ ಮ್ಯಾನೇಜರಮ್ಮನಿಗೆ ಅರ್ಥವಾಯಿತು. “ಈ ವಾರ ಹಾಕಿಸ್ತೀವಿ ಸಾರ್” ಎಂದಳು. ಸಾರ್ ಎಂದಳು.

ಅಂಗಳದಲ್ಲಿ ನಾನೇ ಕೇಳಿದೆ. “ಈಗ ಹೇಳಿ. ಬರ್ತೀರಾ, ಇಲ್ವಾ? ನಿಮಗೆ ಹೇಗೆ ಬೇಕೋ ಹಾಗೆ. ಕೆಲಸ ಹೋದ್ರೆ ಹೋಗ್ಲಿ, ನಾನು ನೋಡ್ಕೋತೀನಿ.”

ಮಂಚ, ಬೂಟು, ಆರರ ಅಂಕಿ, ಚಂದ್ರ, ಮನೆ. ಒಂದೊಂದಾಗಿ ಕೇಳಿದೆ. ಆರು ತಿಂಗಳು ಇಲ್ಲಿದ್ದು, ನಡೆಯಲು ಕಲಿತು, ಮನೆಗೆ. ನನಗೆ ನಂಬಿಕೆಯಾಗಲಿಲ್ಲ. ಮತ್ತೆ ಕೇಳಿದೆ. ಅದೇ ಐದು. ನಾನು ಅವತ್ತು ಕೂಗಿದ್ದಕ್ಕಾ ಎಂದೆ. ತಲೆಯಾಡಿಸಲಿಲ್ಲ, ಮತ್ತೆ ಅದೇ ಐದು ಚಿತ್ರ ಕಳಿಸಿದರು.

ಊರಿನವರ ಜೊತೆಯೆಲ್ಲ ಜಗಳ ಆಡಿ ನಿಲ್ಲಿಸಿದೆನಲ್ಲ, ಬೇಡ ಎನ್ನಬಾರದಿತ್ತೇ ಇವರು? ಒಂದೇ ಒಂದು ಸಲ ಬೇಡ ಎಂದಿದ್ದರೆ ಗಾಡಿಗೆ ಹಾಕಿಕೊಂಡು ಬಂದುಬಿಡುತ್ತಿದ್ದೆ. ಹಿಡಿಕೆ ಬದಲಾಗುವವರೆಗೆ ಮನೆಯಲ್ಲೇ ಇರಲಿ ಎಂದು ಸಂಜೆ ಮೂವರೂ ವಾಪಸ್ ಬಂದೆವು.

ಮಾರ್ಚ್ 30, ಭಾನುವಾರ

ಹಿಡಿಕೆ ಎಡಗಡೆಗೆ ಬಂದಿದೆ. ನಾನೇ ನನ್ನ ಭಾರವೆಲ್ಲ ಬಿಟ್ಟು ಜಗ್ಗಿ ನೋಡಿದೆ, ಗಟ್ಟಿಯಿದೆ. ಇವರನ್ನು ಅಲ್ಲಿ ಬಿಟ್ಟು ಬಂದೆ. ಭಾವ ಅಳುತ್ತಿದ್ದರು. ನಾನು ಅಳಲಿಲ್ಲ, ದಾದಿಗೆ ಬೈದು ಬಂದೆ, ಯಾಕೆಂದು ನೆನಪಿಲ್ಲ.

ಮಾರ್ಚ್ 31, ಸೋಮವಾರ

ಕಾರ್ಖಾನೆಗೆ ಹೋದೆ. ನನ್ನ ಮಿಷಿನ್ನಿನಲ್ಲಿ ಯಾರೋ ದಾರದ ಬಿಗಿ ಕೆಡಿಸಿಟ್ಟಿದ್ದರು, ಅವರ ಕೈ ಸೇದಿಹೋಗ. ಮಧ್ಯಾಹ್ನದ ಗಂಟೆಯಾಗುವಷ್ಟರಲ್ಲಿ ನಾನೂರು ಕಾಜಾವೂ ಆಗಿರಲಿಲ್ಲ.

ಊಟದ ಬಿಡುವಿನಲ್ಲಿ ಫೋನ್ ತೆಗೆದರೆ ಇವರಿಂದ ಒಂದು ಬಂದಿತ್ತು. ಗ್ರೂಪಿಗಲ್ಲ, ನನಗೊಬ್ಬಳಿಗೆ. ಮೀನು, ಏಣಿ, ಕೊಡೆ, ಕೆಂಪು ಮುಖ.

ಪಕ್ಕದ ಮಿಷಿನ್ನಿನವಳು ಇಣುಕಿದಳು. “ಅಯ್ಯೋ ಪಾಪ, ನಿಮ್ಮನ್ನ ನೆನಸ್ಕೊಂಡು ಬೇಜಾರಾಗಿರ್ಬೇಕು ಅಕ್ಕಾ.”

“ನಿನಗೆ ಹೇಳಿದ್ರಾ ಅವ್ರು?” ಎಂದೆ. ಅವಳು ಬುತ್ತಿ ಎತ್ತಿಕೊಂಡು ಆಚೆ ಬೆಂಚಿಗೆ ಹೋದಳು. ಹೋಗಲಿ.

ಮೆಟ್ಟಿಲ ಹತ್ತಿರ ನಿಂತು ಫೋನ್ ಮಾಡಿದೆ. ಆ ಕಡೆ ಎತ್ತಿದರು. ‘ಬಾ ಬಾ’ ಎಂದರು.

“ಏನ್ರೀ ಅದು, ಮೀನಂತೆ, ಏಣಿಯಂತೆ! ನಂಗೆ ಒಂದೂ ಗೊತ್ತಾಗ್ಲಿಲ್ಲ” ಎಂದು ಬೈದೆ. “ಸಂಜೆ ಆರಕ್ಕೆ ಕೆಲಸ ಬಿಡುತ್ತೆ, ಆಗ ಮುಖ ಕಾಣೋ ಹಾಗೆ ಫೋನ್ ಮಾಡ್ತೀನಿ, ಒಂದೊಂದೇ ಕೇಳ್ತೀನಿ. ಅಲ್ಲಿವರೆಗೆ ಸಿಟ್ಟಲ್ಲೇ ಇರಿ. ನಾನಾಗಿ ನಾನು ಏನೂ ಅರ್ಥ ಮಾಡ್ಕೊಳಲ್ಲ.”